ಗೆಣ್ಣು ಕಟ್ಟಿದ ಕಾಲ: ವಿಯೆಟ್ನಾಮಿನ ಹಬ್ಬಗಳು

(ಊರಿನ ಗ್ರಂಥಾಲಯದ ಓದುಗರ ಕೂಟದಲ್ಲಿ ಟಿಪ್ಪಣಿ ಇಟ್ಟುಕೊಂಡು ಆಡಿದ ಮಾತುಗಳ ಬರಹ ರೂಪ)

ಹಬ್ಬ ಅನ್ನುವ ಪದ ಎಲ್ಲಿಂದ ಬಂತು ಅಂತ ಯಾವಾಗಲಾದರೂ ಯೋಚಿಸಿದ್ದೀರಾ? ಸಂಸ್ಕೃತದ ಪರ್ವ ನಮ್ಮ ಬಾಯಲ್ಲಿ ಪಬ್ಬವಾಯಿತು, ಆಮೇಲೆ ಪಕಾರ ಹೋಗಿ ಹಕಾರ ಬಂದು ಹಬ್ಬವಾಯಿತು. ಈ ಪರ್ವಕ್ಕೆ ಇನ್ನೊಂದು ಅರ್ಥವಿದೆ: ಗೆಣ್ಣು. ಕಬ್ಬಿನ ಗೆಣ್ಣು, ಬಿದಿರಿನ ಗೆಣ್ಣು. ಉದ್ದಕ್ಕೆ ನುಣ್ಣಗೆ ಬೆಳೆಯುತ್ತ ಹೋಗುವ ಬಿದಿರು ನಡುನಡುವೆ ನಿಂತು ಗಟ್ಟಿಯಾಗುತ್ತದಲ್ಲ, ಆ ಜಾಗ.

ಈಗ ವಿಯೆಟ್ನಾಮಿಗೆ ಬನ್ನಿ. ಅಲ್ಲಿ ಹಬ್ಬಕ್ಕೆ ತೆತ್ ಅನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಟೆಟ್ ಎಂದು ಬರುವುದು ಇದೇ. ಚೀನೀ ಮೂಲದಿಂದ ಬಂದ ‘ತಿಯೆತ್’ ಎಂಬ ಪದ ಸವೆದು ತೆತ್ ಆಗಿದೆ. ಹಳೆಯ ಲಿಪಿಯಲ್ಲಿ ಆ ಅಕ್ಷರದ ತಲೆಯ ಮೇಲೆ ಬಿದಿರಿನ ಗುರುತು ಇರುತ್ತದೆ. ಅದರ ಅರ್ಥವೂ ಬಿದಿರಿನ ಗೆಣ್ಣೇ! ಒಬ್ಬರಿಂದ ಒಬ್ಬರು ಕೇಳಿ ಕಲಿತದ್ದಲ್ಲ ಇದು. ಇಬ್ಬರ ಹಿತ್ತಲಲ್ಲೂ ಬಿದಿರಿತ್ತು, ಇಬ್ಬರಿಗೂ ಕಾಲ ಹಾಗೆ ಕಂಡಿತು.

ನಾನು ಕೆಲಸದ ಮೇಲೆ ಹನೋಯಿಯಲ್ಲಿ ನಾಲ್ಕು ವರ್ಷ ಇದ್ದೆ, 2014ರಿಂದ 2018ರವರೆಗೆ. ಒಬ್ಬ ಅಜ್ಜಿಯ ಮನೆಯ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದೆ. ಮೊದಲ ದಿನವೇ ಅವರು ಕೇಳಿದ್ದು, ನಿನ್ನ ವಯಸ್ಸೆಷ್ಟು? ನನಗೆ ಕಸಿವಿಸಿಯಾಯಿತು. ಆಮೇಲೆ ತಿಳಿಯಿತು, ಅದು ಕುತೂಹಲವಲ್ಲ, ವ್ಯಾಕರಣ. ಆ ಭಾಷೆಯಲ್ಲಿ ನಾನು, ನೀನು ಅನ್ನುವುದಕ್ಕೆ ಬಹುಮಟ್ಟಿಗೆ ನೆಂಟಸ್ತನದ ಪದಗಳೇ ಬಳಕೆ. ಎದುರಿಗಿರುವವರು ಅಕ್ಕನೋ ತಂಗಿಯೋ ಚಿಕ್ಕಪ್ಪನೋ ಗೊತ್ತಾಗದೆ ವಾಕ್ಯವೇ ಹೊರಡುವುದಿಲ್ಲ. ಅವರು ನನಗೆ ‘ಬಾ’ ಆದರು, ಅಂದರೆ ಅಜ್ಜಿ. ನಾನು ಅವರಿಗೆ ‘ಚಾವ್’, ಮೊಮ್ಮಗ. ಇವತ್ತು ನಾನು ಹೇಳುವುದರಲ್ಲಿ ಅರ್ಧ ಈ ಅಜ್ಜಿಯಿಂದ ಕಲಿತದ್ದು.

ಪಂಚಾಂಗದ ಮಾತು ಸ್ವಲ್ಪ ಹೇಳಿಬಿಡುತ್ತೇನೆ. ಮುಂದಿನ ಸಾಲಿನಲ್ಲಿ ಪಂಚಾಂಗ ಬಲ್ಲವರು ಇದ್ದಾರೆ, ತಪ್ಪಿದರೆ ತಿದ್ದಲಿ. ವಿಯೆಟ್ನಾಮಿನ ಸಾಂಪ್ರದಾಯಿಕ ಹಬ್ಬಗಳೆಲ್ಲ ಚಾಂದ್ರಮಾನದವು. ತಿಂಗಳು ಶುರುವಾಗುವುದು ಅಮಾವಾಸ್ಯೆಯಿಂದ. ಅಮಾವಾಸ್ಯೆಯ ಕ್ಷಣ ಯಾವ ದಿನ ಬೀಳುತ್ತದೋ ಆ ದಿನವೇ ಒಂದನೇ ತಾರೀಖು. ನಮ್ಮಂತೆಯೇ ಅಲ್ಲಿಯೂ ಸುಮಾರು ಮೂರು ವರ್ಷಕ್ಕೊಂದು ಅಧಿಕ ಮಾಸ ಬಂದು ಸೂರ್ಯನ ಲೆಕ್ಕ ಸರಿಹೊಂದುತ್ತದೆ. ಎಲ್ಲ ಹಬ್ಬಗಳ ದೊಡ್ಡಣ್ಣ ಹೊಸ ವರ್ಷದ ತೆತ್, ಜನವರಿ ಕೊನೆಗೋ ಫೆಬ್ರವರಿಯಲ್ಲೋ ಬರುತ್ತದೆ. 2026ರಲ್ಲಿ ನಮಗೆ ಫೆಬ್ರವರಿ 15ಕ್ಕೆ ಶಿವರಾತ್ರಿ, ಅವರಿಗೆ 17ಕ್ಕೆ ತೆತ್.

ಇದನ್ನು ‘ಚೀನೀ ಹೊಸ ವರ್ಷ’ ಅಂದರೆ ವಿಯೆಟ್ನಾಮಿನವರ ಮುಖ ಬಿಗಿಯುತ್ತದೆ. ಲೆಕ್ಕದ ಮೂಲ ಒಂದೇ ಹೌದು. ಆದರೆ ಹನೋಯಿಯ ಗಡಿಯಾರ ಬೀಜಿಂಗಿಗಿಂತ ಒಂದು ಗಂಟೆ ಹಿಂದೆ. ಈ ಒಂದು ಗಂಟೆ 1985ರಲ್ಲಿ ಮಾಡಿದ ತಮಾಷೆ ಕೇಳಿ. ನಿಯಮ ಏನೆಂದರೆ, ವರ್ಷದ ಅತಿ ದೀರ್ಘ ರಾತ್ರಿ, ಡಿಸೆಂಬರ್ 21ರ ಆಸುಪಾಸಿನ ಅಯನದ ಗಳಿಗೆ, ಹನ್ನೊಂದನೇ ತಿಂಗಳಲ್ಲೇ ಬೀಳಬೇಕು. 1984ರಲ್ಲಿ ಆ ಗಳಿಗೆ ಹನೋಯಿಯಲ್ಲಿ ಡಿಸೆಂಬರ್ 21ರ ರಾತ್ರಿ ಹನ್ನೊಂದು ದಾಟಿದ ಮೇಲೆ ಬಂತು. ಬೀಜಿಂಗಿನಲ್ಲಿ ಅಷ್ಟೊತ್ತಿಗೆ ಮಧ್ಯರಾತ್ರಿ ಕಳೆದು 22 ಆಗಿತ್ತು. ಅಮಾವಾಸ್ಯೆ ಇದ್ದದ್ದು 22ಕ್ಕೆ. ಅಂದರೆ ಅಯನ ಹನೋಯಿಗೆ ಹಳೆಯ ತಿಂಗಳ ಕೊನೆಯ ದಿನ, ಬೀಜಿಂಗಿಗೆ ಹೊಸ ತಿಂಗಳ ಮೊದಲ ದಿನ. ಹಾಗಾಗಿ 22ಕ್ಕೆ ಶುರುವಾದ ತಿಂಗಳು ಹನೋಯಿಗೆ ಹನ್ನೆರಡನೆಯದು, ಬೀಜಿಂಗಿಗೆ ಇನ್ನೂ ಹನ್ನೊಂದನೆಯದು. ಫಲ: ವಿಯೆಟ್ನಾಂ 1985ರ ಜನವರಿ 21ಕ್ಕೆ ತೆತ್ ಆಚರಿಸಿತು, ಚೀನಾ ಫೆಬ್ರವರಿ 20ಕ್ಕೆ. ಒಂದು ಗಂಟೆ ಹೋಗಿ ಒಂದು ತಿಂಗಳಾಯಿತು! ಏಕಾದಶಿ ಯಾವತ್ತು ಅಂತ ಮಠಮಠಗಳ ನಡುವೆ ವಾದ ನಡೆಯುವ ನಾಡಿನವರು ನಾವು, ನಗುವ ಹಾಗಿಲ್ಲ.

ಇದರ ಕಹಿ ಮುಖವೂ ಇದೆ. ದೇಶ ಎರಡಾಗಿ ಕಾದಾಡುತ್ತಿದ್ದ ಕಾಲ ಅದು. ಉತ್ತರ ವಿಯೆಟ್ನಾಂ 1967ರಲ್ಲಿ ತನ್ನ ಪಂಚಾಂಗವನ್ನು ಹನೋಯಿಯ ಗಂಟೆಗೆ ಬದಲಿಸಿಕೊಂಡಿತು, ದಕ್ಷಿಣ ಬದಲಿಸಲಿಲ್ಲ. ಹಾಗಾಗಿ 1968ರಲ್ಲಿ ಉತ್ತರಕ್ಕೆ ಜನವರಿ 29ಕ್ಕೆ ಹಬ್ಬ, ದಕ್ಷಿಣಕ್ಕೆ 30ಕ್ಕೆ. ನಾವು ಇತಿಹಾಸದಲ್ಲಿ ‘ಟೆಟ್ ದಾಳಿ’ ಎಂದು ಓದುವುದು ಆ ಹಬ್ಬದ ದಿನಗಳಲ್ಲಿ ಉತ್ತರದ ಕಡೆಯವರು ದಕ್ಷಿಣದ ಮೇಲೆ ನಡೆಸಿದ ಯುದ್ಧವನ್ನೇ.

ಹಬ್ಬದ ಸಡಗರ ಶುರುವಾಗುವುದು ವಾರ ಮೊದಲೇ, ಅಡುಗೆಮನೆಯಿಂದ. ಹನ್ನೆರಡನೇ ತಿಂಗಳ 23, ನಮ್ಮ ಲೆಕ್ಕಕ್ಕೆ ಬಹುಳ ಅಷ್ಟಮಿಯ ಹೊತ್ತು, ಒಲೆಯ ದೇವರು ಸ್ವರ್ಗಕ್ಕೆ ಹೊರಡುವ ದಿನ. ಒಲೆಯ ದೇವರು ಒಬ್ಬನಲ್ಲ, ಮೂವರು: ಇಬ್ಬರು ಗಂಡಸರು, ಒಬ್ಬ ಹೆಂಗಸು. ಗಂಡ ಮನೆ ಬಿಟ್ಟು ಹೋದ, ಹೆಂಡತಿ ಕಾದು ಕಾದು ಇನ್ನೊಬ್ಬನನ್ನು ಮದುವೆಯಾದಳು. ಒಂದು ದಿನ ಬಾಗಿಲಿಗೆ ಭಿಕ್ಷುಕನೊಬ್ಬ ಬಂದ, ನೋಡಿದರೆ ಮೊದಲ ಗಂಡ. ಅನ್ನ ಬಡಿಸಿದಳು, ಎರಡನೇ ಗಂಡ ಬರುವ ಸದ್ದಾದಾಗ ಹುಲ್ಲಿನ ಬಣವೆಯಲ್ಲಿ ಅವಿತಿಟ್ಟಳು. ಇವನಿಗೇನು ಗೊತ್ತು, ಗದ್ದೆಗೆ ಬೂದಿ ಬೇಕೆಂದು ಬಣವೆಗೆ ಬೆಂಕಿ ಹಚ್ಚಿದ. ಅವಳು ಬೆಂಕಿಗೆ ಹಾರಿದಳು, ಅವಳ ಹಿಂದೆ ಇವನೂ ಹಾರಿದ. ಸ್ವರ್ಗದ ಅರಸ ಮೂವರನ್ನೂ ಒಲೆಯ ದೇವರನ್ನಾಗಿ ಮಾಡಿದ. ಹಳ್ಳಿಯ ಒಲೆಗೆ ಮೂರು ಗುಂಡು ಇರುತ್ತವಲ್ಲ, ಆ ಮೂರು ಇವರೇ. ನಮ್ಮಲ್ಲೂ ಒಲೆಗೆ ಮೂರು ಕಲ್ಲೇ, ಆದರೆ ಇಷ್ಟು ಸಂಕಟದ ಕತೆಯನ್ನು ಅದರೊಳಗೆ ನಾವು ಇಟ್ಟಿಲ್ಲ.

ವರ್ಷವಿಡೀ ಮನೆಯಲ್ಲಿ ಯಾರು ಏನು ಮಾಡಿದರು, ಏನು ಆಡಿದರು ಅನ್ನುವ ವರದಿಯನ್ನು ಇವರು ಮೇಲೆ ಒಪ್ಪಿಸಬೇಕು. ಹೋಗಲು ವಾಹನ ಕೆಂಪು ಮೀನು, ಕಾರ್ಪ್ ಜಾತಿಯದು. ಅದು ಹಾರಿ ಡ್ರ್ಯಾಗನ್ ಆಗುತ್ತದೆಂಬ ನಂಬಿಕೆ. ಆ ದಿನ ಹನೋಯಿಯ ಕೆರೆಗಳ ದಂಡೆಯಲ್ಲಿ, ಕೆಂಪು ನದಿಯ ಲಾಂಗ್ ಬಿಯೆನ್ ಸೇತುವೆಯ ಮೇಲೆ ಜನ ಪ್ಲಾಸ್ಟಿಕ್ ಚೀಲದಲ್ಲಿ ಮೀನು ಹಿಡಿದು ನಿಂತಿರುತ್ತಾರೆ. ಸೇತುವೆ ಎತ್ತರ, ಮೇಲಿಂದ ಎಸೆದರೆ ವಾಹನ ಸ್ವರ್ಗಕ್ಕೆ ಬೇಗನೇ ಹೋದೀತು, ಆದರೆ ಬೇರೆ ಅರ್ಥದಲ್ಲಿ. ಕೆಲವು ಹುಡುಗ ಹುಡುಗಿಯರು ಅಲ್ಲಿ ‘ಮೀನು ಬಿಡಿ, ಚೀಲ ಬಿಡಬೇಡಿ’ ಎಂಬ ಫಲಕ ಹಿಡಿದು ನಿಲ್ಲುತ್ತಾರೆ, ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಮೀನುಗಳನ್ನು ಮೆಲ್ಲಗೆ ಇಳಿಸುತ್ತಾರೆ. ನಮ್ಮ ಗಣಪತಿ ವಿಸರ್ಜನೆಯ ಕೆರೆಗಳ ಪಕ್ಕ ನಿಂತಿರುವ ಸ್ವಯಂಸೇವಕರು ನನಗೆ ನೆನಪಾಗುತ್ತಿದ್ದರು.

ಇನ್ನು ಹಬ್ಬದ ಅಡುಗೆ. ಅದರ ಹೆಸರು ಬಾನ್ ಚುಂಗ್. ಅಂಟಕ್ಕಿ, ನಡುವೆ ಹೆಸರುಬೇಳೆ, ಅದರ ನಡುವೆ ಹಂದಿಮಾಂಸ. ‘ಜಾಂಗ್’ ಎಂಬ ಅಗಲ ಎಲೆಯಲ್ಲಿ ಇಟ್ಟಿಗೆಯಂತೆ ಚೌಕವಾಗಿ ಮಡಿಸಿ, ಬಿದಿರಿನ ಸೀಳಿನಿಂದ ಕಟ್ಟಿ, ದೊಡ್ಡ ಹಂಡೆಯಲ್ಲಿ ಹತ್ತು ಹನ್ನೆರಡು ಗಂಟೆ ಕುದಿಸಬೇಕು. ಕರಾವಳಿಯವರು ಕೊಟ್ಟೆ ಕಡುಬನ್ನು ನೆನೆಸಿಕೊಳ್ಳಿ, ಆದರೆ ಇಡೀ ರಾತ್ರಿ ಕಾಯುವ ಕಡುಬು. ಅಜ್ಜಿ ಮನೆ ಮುಂದಿನ ಫುಟ್‌ಪಾತ್ ಮೇಲೆಯೇ ಹಂಡೆ ಹೂಡುತ್ತಿದ್ದರು. ಚಳಿ, ತುಂತುರು ಮಳೆ, ಗಲ್ಲಿಯ ಮಕ್ಕಳೆಲ್ಲ ಬೆಂಕಿಯ ಸುತ್ತ. ನೀರು ಬತ್ತದಂತೆ ನೋಡುವ ಪಾಳಿ ನನಗೂ ಸಿಗುತ್ತಿತ್ತು. ನಾನು ಮಾಂಸ ತಿನ್ನುವವನಲ್ಲವಾದ್ದರಿಂದ ಬರೀ ಬೇಳೆ ತುಂಬಿದ ಒಂದು ಪುಟ್ಟ ಕಡುಬು ಹಂಡೆಯಲ್ಲಿ ಇರುತ್ತಿತ್ತು, ಗುರುತಿಗೆ ಕೆಂಪು ದಾರ.

ಚೌಕ ಯಾಕೆ? ನಾಡಿನ ಮೊದಲ ಅರಸುಮನೆತನವೆಂದು ಕತೆಗಳು ಹೇಳುವ ಹುಂಗ್ ಅರಸರಲ್ಲೊಬ್ಬ ತನ್ನ ಮಕ್ಕಳಿಗೆ ಪಂಥ ಒಡ್ಡಿದನಂತೆ: ಹಿರಿಯರಿಗೆ ಎಡೆ ಇಡಲು ಎಲ್ಲಕ್ಕಿಂತ ಒಳ್ಳೆಯದನ್ನು ಯಾರು ತರುತ್ತಾರೋ ಪಟ್ಟ ಅವರಿಗೆ. ಉಳಿದವರು ಕಾಡು ಕಡಲು ಜಾಲಾಡಿದರು. ಹದಿನೆಂಟನೆಯವನಾದ ಲಾಂಗ್ ಲಿಯೂ ಬಡವ, ಇದ್ದದ್ದು ಅಕ್ಕಿ. ಭೂಮಿಯ ಹಾಗೆ ಚೌಕವಾದದ್ದೊಂದು, ಆಕಾಶದ ಹಾಗೆ ದುಂಡಗಿನದ್ದೊಂದು ಮಾಡಿ ತಂದ. ಪಟ್ಟ ಅವನಿಗಾಯಿತು. ಈ ಕತೆಯಲ್ಲಿ ಎಲ್ಲರೂ ಚೌಕ, ದುಂಡು, ಬಡವನ ಗೆಲುವು ಅನ್ನುತ್ತಾರೆ. ನನ್ನ ಗಮನ ಹೋಗುವುದು ಅರಸನ ಪ್ರಶ್ನೆಯ ಕಡೆ. ಅವನು ಕೇಳಿದ್ದು ತನಗೆ ಊಟವನ್ನಲ್ಲ, ದೇವರಿಗೆ ನೈವೇದ್ಯವನ್ನೂ ಅಲ್ಲ. ಹಿರಿಯರಿಗೆ ಎಡೆ.

ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ. ವಿಯೆಟ್ನಾಮಿನ ಹಬ್ಬ ತಿಳಿಯಬೇಕಾದರೆ ಪಗೋಡಕ್ಕೆ ಹೋಗಬೇಡಿ, ಮನೆಯ ನಡುಕೋಣೆಯಲ್ಲಿರುವ ಹಿರಿಯರ ಪೀಠದ ಮುಂದೆ ನಿಲ್ಲಿ. ತೀರಿಕೊಂಡ ಅಜ್ಜ, ಮುತ್ತಜ್ಜಿಯರ ಫೋಟೋ, ಊದುಬತ್ತಿಯ ಬಟ್ಟಲು, ಹಣ್ಣು, ನೀರು. ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತರ ಮನೆಯಲ್ಲೂ ಇದೆ. ವರ್ಷದ ಕೊನೆಯ ದಿನ ಮಧ್ಯಾಹ್ನ ಅಡುಗೆ ಮಾಡಿ ಹಿರಿಯರನ್ನು ಮನೆಗೆ ಕರೆಯುತ್ತಾರೆ. ಅವರು ಬಂದು ಮೂರು ದಿನ ಇರುತ್ತಾರೆ, ಹೊತ್ತು ಹೊತ್ತಿಗೆ ಎಡೆ. ಊದುಬತ್ತಿ ಉರಿದು ಮುಗಿದ ಮೇಲೆ ಅದೇ ಅನ್ನವನ್ನು ಇಳಿಸಿ ಬದುಕಿದ್ದವರು ಉಣ್ಣುತ್ತಾರೆ.

ನಮ್ಮಲ್ಲಿ ಶ್ರಾದ್ಧ ಬೇರೆ, ಹಬ್ಬ ಬೇರೆ. ಶ್ರಾದ್ಧದ ದಿನ ಬಾಗಿಲಿಗೆ ರಂಗೋಲಿ ಸಹ ಹಾಕದ ಮನೆಗಳಿವೆ, ನಮ್ಮ ಮನೆಯೇ ಹಾಗೆ. ಆದರೆ ಹಳೇ ಮೈಸೂರಿನ ಕಡೆ ಮಹಾಲಯ ಅಮಾವಾಸ್ಯೆಗೆ ಹೊಸ ಬಟ್ಟೆ ಇಟ್ಟು, ಸತ್ತವರಿಗೆ ಇಷ್ಟವಾದ ಬಾಡೂಟ, ಬೀಡಿ, ಎಲೆಅಡಿಕೆ ಎಲ್ಲ ಇಟ್ಟು ಎಡೆ ಹಾಕುತ್ತಾರಲ್ಲ, ಅವರಿಗೆ ನಾನು ತೆತ್ ವಿವರಿಸಬೇಕಾಗಿಲ್ಲ. ಅದನ್ನೇ ಯುಗಾದಿಯ ಜೊತೆ ಸೇರಿಸಿದರೆ ಆಯಿತು.

ಮಧ್ಯರಾತ್ರಿ ವರ್ಷ ಹೊರಳುತ್ತದೆ. ಹಿಂದೆ ಆ ಗಳಿಗೆಗೆ ಸರಪಟಾಕಿ ಸಿಡಿದು ಬೀದಿಯೆಲ್ಲ ಕೆಂಪು ಕಾಗದವಾಗುತ್ತಿತ್ತಂತೆ. 1995ರ ಜನವರಿ 1ರಿಂದ ಸರ್ಕಾರ ಪಟಾಕಿ ನಿಷೇಧಿಸಿತು, ನಿಷೇಧ ಉಳಿದುಕೊಂಡಿತು. ಈಗ ಆ ರಾತ್ರಿ ಜನ ಟಿವಿ ಮುಂದೆ ಇರುತ್ತಾರೆ. 2003ರಿಂದ ಅಲ್ಲಿಯ ಸರ್ಕಾರಿ ವಾಹಿನಿಯಲ್ಲಿ ‘ತಾವ್ ಕ್ವಾನ್’ ಎಂಬ ನಗೆನಾಟಕ ಬರುತ್ತಿತ್ತು. ಒಲೆಯ ದೇವರುಗಳು ಸ್ವರ್ಗದ ಅರಸನಿಗೆ ವರದಿ ಒಪ್ಪಿಸುವ ನೆಪದಲ್ಲಿ ರಸ್ತೆಗುಂಡಿ, ಆಸ್ಪತ್ರೆ, ಶಾಲೆ ಎಲ್ಲದರ ಮೇಲೂ ಚಾಟಿ. ನೇರವಾಗಿ ಆಡಲಾಗದ್ದನ್ನು ಒಲೆಯ ದೇವರ ಬಾಯಲ್ಲಿ ಆಡಿಸುತ್ತಿದ್ದರು.

ಹೊಸ ವರ್ಷ ಮನೆಗೆ ಮೊದಲು ಕಾಲಿಡುವವರು ಯಾರು ಅನ್ನುವುದು ದೊಡ್ಡ ವಿಷಯ. ಅವರ ಕಾಲ್ಗುಣ ವರ್ಷವಿಡೀ ನಡೆಯುತ್ತದೆ. 2017 ಹುಂಜದ ವರ್ಷ. ಹಿಂದಿನ ಸಂಜೆ ಅಜ್ಜಿ ಮೆಟ್ಟಿಲ ಮೇಲೆ ನಿಲ್ಲಿಸಿ ನಾನು ಹುಟ್ಟಿದ ವರ್ಷ ಕೇಳಿದರು. 1975 ಅಂದೆ. ಬೆರಳು ಮಡಿಸಿ ಎಣಿಸಿ, ‘ಬೆಕ್ಕಿನ ವರ್ಷ. ಬೆಕ್ಕಿಗೂ ಹುಂಜಕ್ಕೂ ಆಗಿಬರುವುದಿಲ್ಲ. ಮೊಮ್ಮಗನೇ, ನಾಳೆ ಬೆಳಿಗ್ಗೆ ಯಾರಾದರೂ ಬಂದುಹೋಗುವವರೆಗೆ ಕೆಳಗಿಳಿಯಬೇಡ’ ಅಂದರು. ಒಂಬತ್ತೂವರೆಯವರೆಗೆ ಮೇಲೆಯೇ ಕೂತಿದ್ದೆ, ಕಾಫಿಯೂ ಇಲ್ಲದೆ. ಅಂದ ಹಾಗೆ, ಚೀನೀಯರ ಹನ್ನೆರಡು ಪ್ರಾಣಿಗಳಲ್ಲಿ ಬೆಕ್ಕಿಲ್ಲ, ಆ ಜಾಗದಲ್ಲಿ ಮೊಲ. ವಿಯೆಟ್ನಾಮಿನಲ್ಲಿ ಮಾತ್ರ ಬೆಕ್ಕು. ಚೀನಾದಲ್ಲಿ ಹುಟ್ಟಿದ್ದರೆ ಮೊಲವಾಗಿರುತ್ತಿದ್ದೆ, ಆದರೂ ಹುಂಜದ ಜೊತೆ ಜಗಳ ತಪ್ಪುತ್ತಿರಲಿಲ್ಲ.

ಆ ಮೂರು ದಿನಕ್ಕೆ ಒಂದು ಗಾದೆಯಿದೆ: ಮೊದಲ ದಿನ ಅಪ್ಪನ ಕಡೆ, ಎರಡನೇ ದಿನ ಅಮ್ಮನ ಕಡೆ, ಮೂರನೇ ದಿನ ಮೇಷ್ಟ್ರ ಮನೆ. ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ಹೊಸ ನೋಟು. ಮನೆ ಗುಡಿಸುವ ಹಾಗಿಲ್ಲ, ಬಂದ ಅದೃಷ್ಟ ಕಸದ ಜೊತೆ ಹೋದೀತು. ಅಲ್ಲಿಯ 2019ರ ಕಾರ್ಮಿಕ ಸಂಹಿತೆ ಕೊಟ್ಟ ಹಬ್ಬದ ರಜೆ ಒಟ್ಟು 11 ದಿನ, ಅದರಲ್ಲಿ 5 ದಿನ ತೆತ್ ಒಂದಕ್ಕೇ. ಹನೋಯಿ ಖಾಲಿ ಖಾಲಿ. ಮೋಟಾರ್‌ಬೈಕುಗಳಿಲ್ಲದ ಆ ರಸ್ತೆಗಳನ್ನು ನೋಡಲೆಂದೇ ನಾನು ನಡೆದುಹೋಗುತ್ತಿದ್ದೆ.

ದಕ್ಷಿಣದಲ್ಲಿ ಹಬ್ಬದ ಬಣ್ಣ ಬೇರೆ. ಉತ್ತರದಲ್ಲಿ ಗುಲಾಬಿ ಬಣ್ಣದ ಪೀಚ್ ಹೂ, ದಕ್ಷಿಣದಲ್ಲಿ ಹಳದಿಯ ಮಾಯ್ ಹೂ. ಚೌಕದ ಕಡುಬಿನ ಬದಲು ಬಾಳೆಎಲೆಯಲ್ಲಿ ಸುತ್ತಿದ ಉದ್ದನೆಯ ಕಡುಬು. ಆದರೆ ನನಗೆ ತುಂಬ ಹಿಡಿಸಿದ್ದು ಪೀಠದ ಮೇಲಿನ ಹಣ್ಣಿನ ತಟ್ಟೆ. ದಕ್ಷಿಣದವರು ಸೀತಾಫಲ, ತೆಂಗಿನಕಾಯಿ, ಪರಂಗಿ, ಮಾವು ಇಡುತ್ತಾರೆ. ಯಾಕೆಂದರೆ ಸೀತಾಫಲದ ಹೆಸರಿನಲ್ಲಿ ‘ಬೇಡು’ ಎಂಬ ಸದ್ದಿದೆ, ತೆಂಗಿನ ಹೆಸರು ಅವರ ಉಚ್ಚಾರದಲ್ಲಿ ‘ತಕ್ಕಷ್ಟು’ ಎಂದು ಕೇಳುತ್ತದೆ, ಪರಂಗಿಯಲ್ಲಿ ‘ಸಾಕು’, ಮಾವಿನಲ್ಲಿ ‘ಖರ್ಚು’. ಸಾಲಾಗಿ ಓದಿ: ಬೇಡುತ್ತೇವೆ, ಖರ್ಚಿಗೆ ಸಾಕಾಗುವಷ್ಟು ಕೊಡು. ಕೋಟಿ ಕೊಡು ಅಂತಲ್ಲ, ಸಾಕಾಗುವಷ್ಟು! ಬಾಳೆಹಣ್ಣು ಮಾತ್ರ ಇಡುವುದಿಲ್ಲ, ಅದರ ಹೆಸರು ‘ಮುಗ್ಗರಿಸು’ ಎಂಬಂತೆ ಕೇಳುತ್ತದೆ. ಉತ್ತರದವರ ಕಿವಿಗೆ ಹಾಗೆ ಕೇಳದು, ಅವರ ತಟ್ಟೆಗೆ ಹಸಿರು ಬಾಳೆಚಿಪ್ಪೇ ಆಧಾರ. ಬಾಳೆಯಿಲ್ಲದೆ ಪೂಜೆಯೇ ಇಲ್ಲದ ನಮಗೆ ದಕ್ಷಿಣದ ಪೀಠ ಬೋಳು ಅನ್ನಿಸುತ್ತದೆ.

ಮೂರನೇ ತಿಂಗಳ ಹತ್ತನೇ ದಿನ ಹುಂಗ್ ಅರಸರ ಪುಣ್ಯತಿಥಿ. ಗಮನಿಸಿ, ಪುಣ್ಯತಿಥಿ, ಜಯಂತಿಯಲ್ಲ. ಇಡೀ ದೇಶವೇ ಒಂದು ಮನೆ ಎಂದುಕೊಂಡು ಮಾಡುವ ಶ್ರಾದ್ಧ. ಫು ಥೋ ಪ್ರಾಂತದ ಬೆಟ್ಟದ ಗುಡಿಗೆ ಜನ ಹರಿದುಬರುತ್ತಾರೆ. 2007ರಿಂದ ಸರ್ಕಾರಿ ರಜೆ, 2012ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಕತೆ ಏನೆಂದರೆ, ಕಡಲಿನ ನಾಗವಂಶದ ಲಾಕ್ ಲಾಂಗ್ ಕ್ವಾನ್, ಬೆಟ್ಟದ ಅಪ್ಸರೆ ಔ ಕೊ. ಅವಳ ಬಸಿರಿನಿಂದ ಒಂದು ಚೀಲ, ಅದರಲ್ಲಿ ನೂರು ಮೊಟ್ಟೆ, ನೂರು ಮಕ್ಕಳು. ಐವತ್ತು ಜನ ತಾಯಿಯ ಜೊತೆ ಬೆಟ್ಟಕ್ಕೆ, ಐವತ್ತು ಜನ ತಂದೆಯ ಜೊತೆ ಕಡಲಿಗೆ. ಅವರಲ್ಲಿ ಹಿರಿಯವನೇ ಮೊದಲ ಹುಂಗ್ ಅರಸ. ಆ ಒಂದು ಚೀಲದಿಂದ ‘ದೊಂಗ್ ಬಾವ್’ ಎಂಬ ಪದ, ಒಂದೇ ಬಸಿರಿನವರು. ನಮ್ಮ ‘ಒಡಹುಟ್ಟಿದವರು’ ಅನ್ನಿ. 1945ರ ಸೆಪ್ಟೆಂಬರ್ 2ರಂದು ಬಾ ದಿನ್ ಮೈದಾನದಲ್ಲಿ ಹೋ ಚಿ ಮಿನ್ ಸ್ವಾತಂತ್ರ್ಯ ಘೋಷಣೆ ಓದುತ್ತ ಜನರನ್ನು ಕರೆದದ್ದು ಇದೇ ಪದದಿಂದ. ನಡುವೆ ನಿಲ್ಲಿಸಿ, ನನ್ನ ಮಾತು ಕೇಳಿಸುತ್ತಿದೆಯೇ ಅಂತ ಕೇಳಿದರಂತೆ. ಸೆಪ್ಟೆಂಬರ್ 2 ಈಗ ರಾಷ್ಟ್ರೀಯ ದಿನ. ಅಲ್ಲೂ ಪಥಸಂಚಲನ, ಬಾವುಟ ಇವೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಏಳನೇ ತಿಂಗಳ ಹುಣ್ಣಿಮೆ ವು ಲಾನ್. ಸಂಸ್ಕೃತದ ‘ಉಲ್ಲಂಬನ’ ಚೀನಾ ಸುತ್ತಿ ಬಂದು ವು ಲಾನ್ ಆಗಿದೆ. ಬುದ್ಧನ ಶಿಷ್ಯ ಮೌದ್ಗಲ್ಯಾಯನ ಪ್ರೇತಲೋಕದಲ್ಲಿದ್ದ ತಾಯಿಯನ್ನು ಬಿಡಿಸಿದ ದಿನ. ಪಗೋಡಕ್ಕೆ ಹೋದರೆ ಎದೆಗೊಂದು ಗುಲಾಬಿ ಚುಚ್ಚುತ್ತಾರೆ: ತಾಯಿ ಇದ್ದರೆ ಕೆಂಪು, ಇಲ್ಲದಿದ್ದರೆ ಬಿಳಿ. ಇದು ಪುರಾತನ ಪದ್ಧತಿಯಲ್ಲ. ಭಿಕ್ಷು ತಿಕ್ ನ್ಯಾತ್ ಹಾನ್ 1962ರಲ್ಲಿ ಬರೆದ ಒಂದು ಪುಟ್ಟ ಬರಹದಿಂದ ಹರಡಿದ್ದು. ಬುಟ್ಟಿ ಹಿಡಿದ ಹುಡುಗಿ ಯಾವ ಬಣ್ಣ ಅಂತ ಕೇಳಿದಾಗ ಉತ್ತರಕ್ಕೆ ಒಂದು ಕ್ಷಣ ಬೇಕಾಗುತ್ತದೆ. ನನಗೆ ಬಿಳಿ. ಅದೇ ಹುಣ್ಣಿಮೆಯ ಹೊತ್ತಿಗೆ ದಿಕ್ಕಿಲ್ಲದ ಸತ್ತವರಿಗೂ ಎಡೆ: ಮನೆಯ ಹೊರಗೆ, ಬೀದಿಯಲ್ಲಿ, ತೆಳು ಗಂಜಿ, ಉಪ್ಪು, ಅಕ್ಕಿ. ಯುದ್ಧದಲ್ಲಿ ದೇಹವೂ ಸಿಗದೆ ಹೋದವರು ಲಕ್ಷಗಟ್ಟಲೆ ಇರುವ ದೇಶದಲ್ಲಿ ಆ ಗಂಜಿಯ ಬಟ್ಟಲು ಚಿಕ್ಕದಲ್ಲ. 2025ರಲ್ಲಿ ವು ಲಾನ್ ಸೆಪ್ಟೆಂಬರ್ 6ಕ್ಕೆ ಬಂತು, ಅದರ ಬೆನ್ನಿಗೇ ನಮ್ಮ ಪಿತೃಪಕ್ಷ.

ಮುಂದಿನ ಹುಣ್ಣಿಮೆ ಮಕ್ಕಳದ್ದು: ನಕ್ಷತ್ರದ ಆಕಾರದ ಕಾಗದದ ದೀಪ, ಸಿಂಹನೃತ್ಯ, ಚಂದ್ರನ ಕಡುಬು. ಅವರ ಚಂದ್ರನಲ್ಲಿ ಮೊಲವಷ್ಟೇ ಅಲ್ಲ, ಆಲದ ಮರದ ಬುಡದಲ್ಲಿ ಕೂತ ಕುವೋಯ್ ಎಂಬ ಬಡಾಯಿಗಾರನೂ ಇದ್ದಾನೆ. 2025ರಲ್ಲಿ ಆ ಹುಣ್ಣಿಮೆ ನಮ್ಮ ಸೀಗಿ ಹುಣ್ಣಿಮೆಯೇ ಆಗಿತ್ತು, ಮಲೆನಾಡಿನವರ ಭೂಮಿ ಹುಣ್ಣಿಮೆ.

ಇಷ್ಟು ಹೊತ್ತು ಹೇಳಿದ್ದು ಬಹುಸಂಖ್ಯಾತ ಕಿನ್ ಜನರ ಹಬ್ಬಗಳು. ದೇಶದಲ್ಲಿ ಒಟ್ಟು 54 ಜನಾಂಗಗಳಿವೆ. ಅದರಲ್ಲಿ ಚಾಮ್ ಜನರ ಕಾತೆ ಹಬ್ಬ ಹೇಳದೆ ಹೋದರೆ ನೀವು ನನ್ನನ್ನು ಬಿಡುವುದಿಲ್ಲ. ದಕ್ಷಿಣ ಮಧ್ಯ ಕರಾವಳಿಯ ಫಾನ್ ರಾಂಗ್ ಊರಿನ ಹೊರಗೆ, ಕುರುಚಲು ಗುಡ್ಡದ ಮೇಲೆ ಪೋ ಕ್ಲಾಂಗ್ ಗರಾಯ್ ಎಂಬ ಇಟ್ಟಿಗೆಯ ಗೋಪುರ ಗುಡಿ. ಅರಸ ಜಯಸಿಂಹವರ್ಮ ಸುಮಾರು 1300ರ ಹೊತ್ತಿಗೆ ಕಟ್ಟಿಸಿದ್ದು. ಬಾಗಿಲ ಮೇಲೆ ನರ್ತಿಸುವ ಶಿವ, ಒಳಗೆ ಕಾಲಿಟ್ಟರೆ ನಂದಿ, ಗರ್ಭಗುಡಿಯಲ್ಲಿ ಮುಖವಿರುವ ಲಿಂಗ. ಕಾತೆ ಚಾಮ್ ಪಂಚಾಂಗದ ಏಳನೇ ತಿಂಗಳ ಹಬ್ಬ, ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಸುಮಾರಿಗೆ. ಬಿಳಿಯುಡುಗೆಯ ಅರ್ಚಕರು ಬಾಗಿಲು ತೆರೆದು ಲಿಂಗಕ್ಕೆ ಮಜ್ಜನ ಮಾಡಿಸಿ ಉಡುಗೆ ತೊಡಿಸುತ್ತಾರೆ. ಆ ಉಡುಗೆಗಳನ್ನು ವರ್ಷವಿಡೀ ಕಾಯ್ದಿಟ್ಟು ಬೆಟ್ಟದಿಂದ ಹೊತ್ತು ತರುವವರು ರಗ್ಲಾಯ್ ಎಂಬ ಇನ್ನೊಂದು ಜನ. ನುಡಿಸುವ ವಾದ್ಯದ ಹೆಸರು ಸರನಾಯ್. ನಮ್ಮ ಸನಾದಿ, ಶಹನಾಯಿಗಳ ನೆಂಟ ಎಂದು ಕಿವಿಗೇ ಗೊತ್ತಾಗುತ್ತದೆ.

ನಾನು ಹೆಮ್ಮೆಯಿಂದ ಪಕ್ಕದಲ್ಲಿದ್ದ ಹಿರಿಯರಿಗೆ, ಇದು ನಮ್ಮ ಶಿವ ಅಂದೆ. ಅವರು ಸೌಜನ್ಯದಿಂದಲೇ ತಲೆಯಾಡಿಸಿದರು. ಇಲ್ಲ, ಇದು ನಮ್ಮ ಅರಸ, ನೀರಿನ ಕಾಲುವೆ ಕಟ್ಟಿಸಿಕೊಟ್ಟವನು ಅಂದರು. ಲಿಂಗದ ಮೇಲಿನ ಮುಖ ಅವರಿಗೆ ಪೋ ಕ್ಲಾಂಗ್ ಗರಾಯ್ ಅರಸನದು. ಅಲ್ಲಿಯೂ ದೇವರ ಜಾಗದಲ್ಲಿ ಹಿರಿಯನೇ ಕೂತಿದ್ದ. ‘ನಮ್ಮದು’ ಎಂದು ಹೇಳುವ ಆತುರವನ್ನು ಆಮೇಲೆ ನಾನು ಕಡಿಮೆ ಮಾಡಿಕೊಂಡೆ. ದಕ್ಷಿಣದಲ್ಲಿ ಮೆಕಾಂಗ್ ನದಿಯ ಕಡೆ ಇರುವ ಖ್ಮೇರ್ ಜನಾಂಗದವರ ಹೊಸ ವರ್ಷ ಏಪ್ರಿಲ್ ನಡುವೆ ಬರುತ್ತದೆ, ನಮ್ಮ ತುಳುನಾಡಿನ ಬಿಸುವಿನ ಹೊತ್ತಿಗೇ. ಎರಡೂ ಮೇಷ ಸಂಕ್ರಮಣದ ಲೆಕ್ಕ.

ಹಿಂದಿನ ಸಾಲಿನಿಂದ ಒಂದು ಚೀಟಿ ಬಂದಿದೆ: ಕರೆದ ಹಿರಿಯರನ್ನು ಕಳಿಸುವ ಶಾಸ್ತ್ರ ಇಲ್ಲವೇ? ಇದೆ, ಹೇಳಲು ಮರೆತೆ. ಮೂರನೇ ದಿನವೋ ಅದರ ಆಸುಪಾಸಿನಲ್ಲೋ ಬೀಳ್ಕೊಡುಗೆಯ ಊಟ. ಆಮೇಲೆ ಅಂಗಳದಲ್ಲಿ ಕಾಗದದ ಹಣ, ಕಾಗದದ ಅಂಗಿ, ಚಪ್ಪಲಿ ಸುಡುತ್ತಾರೆ, ಸುಟ್ಟದ್ದು ಅಲ್ಲಿ ನಿಜವಾಗುತ್ತದೆ. ಇಷ್ಟೆಲ್ಲ ಹೊರೆಯನ್ನು ವಯಸ್ಸಾದವರು ಹೇಗೆ ಒಯ್ಯಬೇಕು? ಅದಕ್ಕೇ ಪೀಠದ ಎರಡು ಪಕ್ಕ ಹಬ್ಬದ ಮೊದಲೇ ಎರಡು ಉದ್ದನೆಯ ಕಬ್ಬು ನಿಲ್ಲಿಸಿರುತ್ತಾರೆ, ಗರಿ ಸಮೇತ. ಹಿರಿಯರಿಗೆ ಅದೇ ಊರುಗೋಲು, ಅದೇ ಅಡ್ಡೆಯ ಕೋಲು. ಮಾರುಕಟ್ಟೆಯಲ್ಲಿ ಅಜ್ಜಿ ಕಬ್ಬು ಆರಿಸುವುದನ್ನು ನೋಡಿದ್ದೇನೆ. ಬಗ್ಗಿದ್ದನ್ನು ಪಕ್ಕಕ್ಕೆ ಸರಿಸಿ, ನೆಟ್ಟಗಿರುವುದನ್ನು ಎತ್ತಿ, ಗೆಣ್ಣು ಗೆಣ್ಣಿಗೂ ಹೆಬ್ಬೆರಳು ಒತ್ತಿ ನೋಡುತ್ತಿದ್ದರು. ಅವರ ಯಜಮಾನರಿಗೆ ಬಲಭುಜ ನೋವಿತ್ತಂತೆ.